ರಾಜಿ ಪತ್ರಕ್ಕೆ ಸಹಿ ಹಾಕದವರು

ಜಿಲ್ಲಾ ಕೋರ್ಟಿನಲ್ಲಿ ಅಪಘಾತ ಪರಿಹಾರದ ಅರ್ಜಿಯನ್ನೋ ಪಾಲು ವಿಭಾಗದ ದಾವೆಯನ್ನೋ ಬಿಡಿಸಿ ನೋಡಿದರೆ ಮೊದಲ ಪುಟದಲ್ಲೇ ಇಂಥದೊಂದು ಸಾಲು ಸಿಗುವುದುಂಟು: ‘3ನೇ ಅರ್ಜಿದಾರ, ವಯಸ್ಸು 6 ವರ್ಷ, ಮೈನರ್, ತಾಯಿಯಾದ 1ನೇ ಅರ್ಜಿದಾರರ ಮೂಲಕ’. ಆಮೇಲೆ ಫೈಲು ಎಷ್ಟೇ ದಪ್ಪವಾದರೂ ಆ ಮಗುವಿನ ಪ್ರಸ್ತಾಪ ಬರುವುದು ಕಡಿಮೆ. ಸತ್ತ ತಂದೆಯ ಸಂಬಳದ ಚೀಟಿ, ಪೊಲೀಸರ ಮಹಜರು, ಮರಣೋತ್ತರ ಪರೀಕ್ಷೆಯ ವರದಿ, ವಿಮಾ ಪಾಲಿಸಿಯ ನಕಲು ಎಲ್ಲವೂ ಇರುತ್ತವೆ. ಕೊನೆಗೊಂದು ದಿನ ರಾಜಿಯ ಮಾತು ಬರುತ್ತದೆ.

ಹೆಚ್ಚಾಗಿ ಅದು ಲೋಕ ಅದಾಲತ್‌ನ ಶನಿವಾರ. ಕೋರ್ಟ್ ಹಾಲಿನ ಹೊರಗಿನ ಬೆಂಚಿನಲ್ಲಿ ವಿಮಾ ಕಂಪನಿಯ ವಕೀಲರು ಒಂದು ಮೊತ್ತ ಹೇಳುತ್ತಾರೆ, ಅರ್ಜಿದಾರರ ವಕೀಲರು ಇನ್ನೊಂದು. ಅಷ್ಟೊತ್ತಿಗೆ ‘ಒಪ್ಕೊಳ್ಳಮ್ಮ, ಕೇಸು ನಡೆಸಿದರೆ ಇನ್ನೂ ಮೂರು ವರ್ಷ ಎಳೀತದೆ’ ಎಂದು ಹೇಳುವವರು ನಾಲ್ಕು ಜನ ಸೇರಿರುತ್ತಾರೆ. ತಾಯಿಗೆ ಆಸ್ಪತ್ರೆಯ ಸಾಲ ತೀರಿಸಬೇಕು, ಬಾಡಿಗೆ ಕಟ್ಟಬೇಕು. ಒಪ್ಪುತ್ತಾಳೆ. ರಾಜಿ ಪತ್ರದಲ್ಲಿ ತನ್ನ ಹೆಸರಿನ ಮುಂದೆ ಒಮ್ಮೆ, ಮಗುವಿನ ಹೆಸರಿನ ಮುಂದೆ ಇನ್ನೊಮ್ಮೆ ಸಹಿ ಹಾಕುತ್ತಾಳೆ. ಮಗು ಅಷ್ಟು ಹೊತ್ತಿಗೆ ಅಜ್ಜಿಯ ಮನೆಯಲ್ಲೋ ಶಾಲೆಯಲ್ಲೋ ಇರುತ್ತದೆ.

ಆ ಎರಡನೇ ಸಹಿಯನ್ನು ಕಾನೂನು ನಂಬುವುದಿಲ್ಲ. ತಾಯಿಯ ಮೇಲಿನ ಅನುಮಾನದಿಂದಲ್ಲ. ಒಬ್ಬರ ಹಕ್ಕನ್ನು ಇನ್ನೊಬ್ಬರು ಬಿಟ್ಟುಕೊಡುವಾಗ ಮಧ್ಯದಲ್ಲಿ ಮೂರನೆಯವರೊಬ್ಬರು ನಿಂತು ನೋಡಬೇಕು ಎಂಬ ಹಳೆಯ ಎಚ್ಚರಿಕೆಯಿಂದ. ಆ ಮೂರನೆಯವರೇ ನ್ಯಾಯಾಧೀಶರು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶದ 7ನೇ ನಿಯಮ ಹೇಳುವುದು ಇದನ್ನೇ. ಮೈನರ್ ಪರವಾಗಿ ದಾವೆ ನಡೆಸುತ್ತಿರುವ ಗಾರ್ಡಿಯನ್, ಅಥವಾ ವಕೀಲರ ಮಾತಿನಲ್ಲಿ ‘ನೆಕ್ಸ್ಟ್ ಫ್ರೆಂಡ್’, ಕೋರ್ಟಿನ ಅನುಮತಿಯಿಲ್ಲದೆ ಯಾವ ರಾಜಿಯನ್ನೂ ಮಾಡಿಕೊಳ್ಳುವಂತಿಲ್ಲ. ಅನುಮತಿ ಕೊಟ್ಟದ್ದು ಕಡತದಲ್ಲಿ ಸ್ಪಷ್ಟವಾಗಿ ದಾಖಲಾಗಿರಬೇಕು. 15ನೇ ನಿಯಮ ಇದೇ ರಕ್ಷಣೆಯನ್ನು ಬುದ್ಧಿಸ್ವಾಧೀನ ಇಲ್ಲದವರಿಗೂ, ಮಾನಸಿಕ ದೌರ್ಬಲ್ಯದಿಂದ ತಮ್ಮ ಹಿತ ಕಾಯ್ದುಕೊಳ್ಳಲಾಗದವರಿಗೂ ವಿಸ್ತರಿಸುತ್ತದೆ.

1976ರಲ್ಲಿ ಸಂಸತ್ತು ಈ ನಿಯಮಕ್ಕೆ ಒಂದು ಗಂಟು ಹೆಚ್ಚಿಗೆ ಹಾಕಿತು. ಅನುಮತಿ ಕೋರುವ ಅರ್ಜಿಯ ಜತೆ ಗಾರ್ಡಿಯನ್ನಿನ ಪ್ರಮಾಣಪತ್ರ ಇರಬೇಕು. ಮೈನರ್‌ಗೆ ವಕೀಲರಿದ್ದರೆ ‘ಈ ರಾಜಿ ನನ್ನ ಅಭಿಪ್ರಾಯದಲ್ಲಿ ಮೈನರ್‌ನ ಹಿತಕ್ಕಾಗಿದೆ’ ಎಂಬ ಅವರ ಸರ್ಟಿಫಿಕೇಟೂ ಬೇಕು. ಅದರ ಕೆಳಗೆ ಇನ್ನೊಂದು ಪುಟ್ಟ ವಾಕ್ಯವಿದೆ, ಓದುವವರು ಕಡಿಮೆ: ಇಷ್ಟೆಲ್ಲ ಕೊಟ್ಟರೂ ರಾಜಿ ನಿಜಕ್ಕೂ ಮೈನರ್‌ನ ಹಿತಕ್ಕಿದೆಯೇ ಎಂದು ಕೋರ್ಟು ತಾನೇ ಪರಿಶೀಲಿಸಲು ಅಡ್ಡಿಯಿಲ್ಲ. ಅಂದರೆ ಕಾಗದ ಸರಿಯಿದೆ ಎಂಬಲ್ಲಿಗೆ ನ್ಯಾಯಾಧೀಶರ ಕೆಲಸ ಮುಗಿಯುವುದಿಲ್ಲ.

ನಡೆಯುವುದು ಹೇಗೆ? ಕಂಪ್ಯೂಟರಿನಲ್ಲಿ ಸಿದ್ಧವಾಗಿರುವ ಐ.ಎ. (ಮಧ್ಯಂತರ ಅರ್ಜಿ) ಒಂದು ಹೊರಬರುತ್ತದೆ. ಹೆಸರು, ವಯಸ್ಸು, ಕೇಸಿನ ನಂಬರು ಬದಲಾದರೆ ಸಾಕು. ಪ್ರಮಾಣಪತ್ರದಲ್ಲಿ ‘ಮೈನರ್‌ನ ಹಿತದೃಷ್ಟಿಯಿಂದ’ ಎಂಬ ಪದಗಳಿರುತ್ತವೆ, ಯಾವ ಹಿತ ಎಂಬುದು ಇರುವುದಿಲ್ಲ. ಆರ್ಡರ್ ಶೀಟಿನಲ್ಲಿ ಒಂದೇ ಸಾಲು: ಐ.ಎ. ಪುರಸ್ಕರಿಸಲಾಗಿದೆ. ಇಡೀ ದಾವೆಯಲ್ಲಿ ಮಗುವಿನ ಬಗ್ಗೆ ನ್ಯಾಯಾಧೀಶರು ಪ್ರತ್ಯೇಕವಾಗಿ ಯೋಚಿಸಬೇಕಾದ ಕ್ಷಣ ಇದೊಂದೇ. ಅದು ಹೀಗೆ ಕಳೆದುಹೋದರೆ ನಿಯಮ ಪುಸ್ತಕದಲ್ಲಿ ಇದ್ದೂ ಇಲ್ಲದಂತೆ.

ಅನುಮತಿಯೇ ಇಲ್ಲದೆ ರಾಜಿ ನಡೆದರೆ? ಕಾನೂನಿನ ಉತ್ತರ ಬೇಕೆಂದೇ ಒಂದು ಕಡೆಗೆ ವಾಲಿದೆ. ಆ ರಾಜಿ ಮೈನರ್ ಒಬ್ಬನನ್ನು ಬಿಟ್ಟು ಉಳಿದೆಲ್ಲರ ವಿರುದ್ಧ ರದ್ದತಿಗೆ ಅರ್ಹ. ಎದುರಾಳಿಗೆ ‘ಅನುಮತಿ ಪಡೆದಿರಲಿಲ್ಲ, ಹಾಗಾಗಿ ನಾನು ದುಡ್ಡು ಕೊಡುವುದಿಲ್ಲ’ ಎನ್ನುವ ಹಕ್ಕಿಲ್ಲ. ತಳ್ಳಿಹಾಕುವ ಆಯ್ಕೆ ಮಗುವಿಗೆ ಮಾತ್ರ. 1961ರಲ್ಲಿ ಕೌಶಲ್ಯಾ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಡಿಸಿ ಹೇಳಿತು: ಇಂಥ ಡಿಕ್ರಿ ಹುಟ್ಟಿನಿಂದಲೇ ಸತ್ತದ್ದಲ್ಲ, ಮೈನರ್ ಬೇಡವೆಂದರೆ ಸಾಯುತ್ತದೆ, ಬೇಡವೆನ್ನಬೇಕಾದರೆ ಅದಕ್ಕೆ ತಕ್ಕ ಪ್ರಕ್ರಿಯೆ ಹೂಡಬೇಕು, ಡಿಕ್ರಿ ಜಾರಿಗೆ ಬಂದಾಗ ಅಮಲ್ಜಾರಿ ಕೋರ್ಟಿನ ಮುಂದೆ ತಕರಾರು ತೆಗೆದರೆ ಸಾಲದು. ಕೇಳಲು ಮೈನರ್ ಪರವಾದ ಮಾತಿನಂತಿದೆ. ಆದರೆ ಹದಿನೆಂಟು ದಾಟಿದ ಹುಡುಗನಿಗೆ ಆರನೇ ವಯಸ್ಸಿನಲ್ಲಿ ತನ್ನ ಹೆಸರಿನಲ್ಲಿ ನಡೆದ ರಾಜಿಯ ಸುಳಿವಾದರೂ ಹೇಗೆ ಸಿಗಬೇಕು?

ಗಾರ್ಡಿಯನ್ ಯಾರಾಗಬೇಕು ಎಂಬಲ್ಲೂ ಕಾನೂನು ಕಣ್ಣಿಟ್ಟಿದೆ. ಮಗುವಿನ ಹಿತಕ್ಕೆ ವಿರುದ್ಧವಾದ ಹಿತ ಇರುವವರು ಆಗುವಂತಿಲ್ಲ ಎನ್ನುತ್ತದೆ 4ನೇ ನಿಯಮ. ಕರ್ನಾಟಕದಿಂದ ಹೋಗಿ 2018ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದ ನಾಗಯ್ಯ ವಿರುದ್ಧ ಚೌಡಮ್ಮ ಪ್ರಕರಣದಲ್ಲಿ ತಂದೆ ಬದುಕಿದ್ದರೂ ಅಣ್ಣನೇ ಮೈನರ್ ತಮ್ಮನ ಪರವಾಗಿ ದಾವೆ ತಂದಿದ್ದ. ಅದು ತಪ್ಪಲ್ಲ ಎಂದಿತು ಕೋರ್ಟು. ವಯಸ್ಕನಾಗಿ, ಬುದ್ಧಿ ನೆಟ್ಟಗಿದ್ದು, ವಿರುದ್ಧ ಹಿತವಿಲ್ಲದ ಯಾರೇ ಆದರೂ ನೆಕ್ಸ್ಟ್ ಫ್ರೆಂಡ್ ಆಗಬಹುದು. ಮೊದಲೇ ಆದೇಶ ಪಡೆದು ನೇಮಕಗೊಳ್ಳಬೇಕಿಲ್ಲ.

ವಿರುದ್ಧ ಹಿತ ಎಂದರೆ ದ್ವೇಷವೇ ಆಗಬೇಕಿಲ್ಲ ಎಂಬುದು ನಮ್ಮ ಊರುಗಳ ಪಾಲು ದಾವೆಗಳನ್ನು ನೋಡಿದವರಿಗೆ ಗೊತ್ತು. ಅಣ್ಣತಮ್ಮಂದಿರು ಪಂಚರ ಮುಂದೆ ಕೂತು ಜಮೀನು ಹಂಚಿಕೊಳ್ಳುತ್ತಾರೆ. ರಸ್ತೆಗೆ ಹೊಂದಿದ್ದು ಒಬ್ಬನಿಗೆ, ಬಾವಿ ಇದ್ದದ್ದು ಇನ್ನೊಬ್ಬನಿಗೆ, ತೀರಿಹೋದ ಮೂರನೆಯವನ ಮಕ್ಕಳಿಗೆ ಗುಡ್ಡದ ಬದಿಯ ಖುಷ್ಕಿ. ಎಕರೆ ಲೆಕ್ಕದಲ್ಲಿ ಮೂರೂ ಸಮ. ವಿಧವೆ ಸೊಸೆ ಇರುವುದು ಮೈದುನರ ಮನೆಯಲ್ಲೇ. ‘ಮಕ್ಕಳಿಗೆ ಬಾವಿ ಜಮೀನು ಬೇಕು’ ಎನ್ನಲು ಅವಳಿಗೆ ಬಾಯಿ ಬರುವುದಿಲ್ಲ. ಇಂಥಲ್ಲಿ ನ್ಯಾಯಾಧೀಶರು ರಾಜಿ ಪತ್ರದ ಷೆಡ್ಯೂಲನ್ನೂ ಪಹಣಿಯನ್ನೂ ಪಕ್ಕಪಕ್ಕ ಇಟ್ಟು, ನೀರಾವರಿ ಕಾಲಂ ನೋಡಿದರೆ ಸಾಕು, ಹಂಚಿಕೆಯ ಬಣ್ಣ ಬಯಲಾಗುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಕಷ್ಟ. ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದು ಮಗಳಿಗೂ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಹಕ್ಕು ಕೊಟ್ಟಿತು, 2005ರಲ್ಲಿ ಇಡೀ ದೇಶಕ್ಕೆ ಅದು ಬಂತು. ಆದರೂ ಎಷ್ಟೋ ರಾಜಿಗಳಲ್ಲಿ ಪುಟ್ಟ ಮಗಳ ಹೆಸರು ಕಕ್ಷಿದಾರರ ಪಟ್ಟಿಗೇ ಬರುವುದಿಲ್ಲ. ಹೆಸರೇ ಇಲ್ಲದ ಮಗುವಿನ ಪರವಾಗಿ ಯಾವ ಕೋರ್ಟು ಅನುಮತಿ ಕೊಡಬೇಕು?

ಕೋರ್ಟಿನ ಹೊರಗೆ ನಡೆಯುವ ಮಾರಾಟಕ್ಕೂ ಇಂಥದೇ ಕಾವಲಿದೆ. 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ 8ನೇ ಕಲಮಿನ ಪ್ರಕಾರ ಸ್ವಂತ ತಂದೆಯೂ ಕೋರ್ಟಿನ ಮುಂಚಿತ ಅನುಮತಿಯಿಲ್ಲದೆ ಮೈನರ್ ಮಗುವಿನ ಸ್ಥಿರಾಸ್ತಿ ಮಾರುವಂತಿಲ್ಲ. ಕಾವಲು ಮೀರಿದರೆ ಏನಾಗುತ್ತದೆ ಎಂಬುದಕ್ಕೆ ದಾವಣಗೆರೆಯ ಶಾಮನೂರಿನ ಎರಡು ನಿವೇಶನಗಳ ಕಥೆ ಇದೆ. 1971ರಲ್ಲಿ ತಂದೆಯೊಬ್ಬರು ತಮ್ಮ ಮೂವರು ಮೈನರ್ ಗಂಡುಮಕ್ಕಳ ಹೆಸರಿನಲ್ಲಿ ಅಕ್ಕಪಕ್ಕದ ಎರಡು ನಿವೇಶನ ಕೊಂಡರು. ಮುಂದೆ ಅನುಮತಿ ಪಡೆಯದೆ ತಾವೇ ಮಾರಿದರು. ಮಕ್ಕಳು ದೊಡ್ಡವರಾದ ಮೇಲೆ ತಂದೆಯ ಮಾರಾಟವನ್ನು ಲೆಕ್ಕಿಸದೆ ಅದೇ ನಿವೇಶನಗಳನ್ನು ಬೇರೆಯವರಿಗೆ ಮಾರಿದರು. ತಂದೆಯ ಕಡೆಯಿಂದ ಬಂದ ಖರೀದಿದಾರರಿಗೂ ಮಕ್ಕಳ ಕಡೆಯಿಂದ ಬಂದವರಿಗೂ ಜಗಳ ಹತ್ತಿತು. ಅದು ಬಗೆಹರಿದದ್ದು 2025ರ ಅಕ್ಟೋಬರಿನಲ್ಲಿ, ಸುಪ್ರೀಂ ಕೋರ್ಟಿನಲ್ಲಿ. ತಂದೆಯ ಮಾರಾಟವನ್ನು ಮಕ್ಕಳು ತಳ್ಳಿಹಾಕಲು ಪ್ರತ್ಯೇಕ ದಾವೆಯೇ ಬೇಕೆಂದಿಲ್ಲ. ಕಾಲಮಿತಿಯೊಳಗೆ ತಾವೇ ಇನ್ನೊಬ್ಬರಿಗೆ ಮಾರಿದಂಥ ನಡವಳಿಕೆಯಿಂದಲೂ ತಳ್ಳಿಹಾಕಬಹುದು ಎಂದಿತು ಪೀಠ. ಅರ್ಜಿ ಕೊಟ್ಟು ಅನುಮತಿ ಪಡೆದಿದ್ದರೆ ಕೆಲವು ತಿಂಗಳು ಹಿಡಿಯುತ್ತಿತ್ತೇನೋ. ಪಡೆಯದ್ದರಿಂದ ಅರ್ಧ ಶತಮಾನದ ಹಿಂದಿನ ಖರೀದಿಯ ಎಳೆ ದಿಲ್ಲಿಯವರೆಗೆ ಹೋಯಿತು.

ಮಕ್ಕಳ ವಿಷಯದಲ್ಲಿ ಜನನ ಪ್ರಮಾಣಪತ್ರವಾದರೂ ಇದೆ. ವಯಸ್ಕರೊಬ್ಬರಿಗೆ ತಮ್ಮ ಹಿತ ತಿಳಿಯುವ ಶಕ್ತಿ ಕುಂದಿದೆ ಎಂದು ಯಾರೂ ಗಮನಿಸದಿದ್ದರೆ ಏನಾಗುತ್ತದೆ? ಇಂಗ್ಲೆಂಡಿನ ಡನ್‌ಹಿಲ್ ವಿರುದ್ಧ ಬರ್ಗಿನ್ ಪ್ರಕರಣಕ್ಕಿಂತ ಕಟುವಾದ ಉತ್ತರ ಇನ್ನೊಂದಿಲ್ಲ. 1999ರ ಜೂನ್‌ನಲ್ಲಿ ಮಹಿಳೆಯೊಬ್ಬರು ರಸ್ತೆ ದಾಟುವಾಗ ಮೋಟಾರ್ ಸೈಕಲ್ ಬಡಿದು ತಲೆಗೆ ತೀವ್ರ ಪೆಟ್ಟಾಯಿತು. 2003ರ ಜನವರಿಯಲ್ಲಿ ವಿಚಾರಣೆಯ ದಿನ ಕೋರ್ಟಿನ ಬಾಗಿಲಲ್ಲೇ 12,500 ಪೌಂಡಿಗೆ ರಾಜಿ ಆಯಿತು. ಆಕೆಯ ಮಿದುಳಿಗೆ ಆಗಿದ್ದ ಹಾನಿಯ ಆಳ ಆಗ ಯಾರ ಲೆಕ್ಕದಲ್ಲೂ ಇರಲಿಲ್ಲ. ಗಾರ್ಡಿಯನ್ ಇರಲಿಲ್ಲ, ನ್ಯಾಯಾಧೀಶರ ಅನುಮೋದನೆ ಕೇಳಿರಲಿಲ್ಲ. ವರ್ಷಗಳ ನಂತರ ಬೇರೆ ವಕೀಲರು ಲೆಕ್ಕ ಹಾಕಿದಾಗ ಆಕೆಯ ಕ್ಲೇಮು 20 ಲಕ್ಷ ಪೌಂಡಿಗೂ ಮೀರಿತ್ತು; ಎದುರಾಳಿಯ ಲೆಕ್ಕದಲ್ಲೇ ಅದು 8 ಲಕ್ಷ.

2014ರ ಮಾರ್ಚಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ರಾಜಿಯನ್ನು ಎತ್ತಿ ಬಿಸಾಡಿತು. ತೀರ್ಪು ಬರೆದವರು ಲೇಡಿ ಹೇಲ್. ವಾದ ಸ್ವಾರಸ್ಯವಾಗಿತ್ತು. ‘ವಕೀಲರು ಹೂಡಿದ್ದು ಚಿಕ್ಕ ಕ್ಲೇಮು, ಅದನ್ನು ಅರ್ಥಮಾಡಿಕೊಳ್ಳುವಷ್ಟು ಶಕ್ತಿ ಆಕೆಗಿತ್ತು’ ಎಂದು ಎದುರಾಳಿ. ಶಕ್ತಿಯನ್ನು ಅಳೆಯಬೇಕಾದದ್ದು ವಕೀಲರು ಬರೆದ ಕ್ಲೇಮಿನ ಎದುರಲ್ಲ, ಆಕೆಗೆ ನಿಜವಾಗಿ ಇದ್ದ ಕ್ಲೇಮಿನ ಎದುರು ಎಂದಿತು ಪೀಠ. ಇಲ್ಲವಾದರೆ ವಕೀಲರು ಕೇಸನ್ನು ಎಷ್ಟು ಕಿರಿದು ಮಾಡುತ್ತಾರೋ ಕಕ್ಷಿದಾರರ ರಕ್ಷಣೆಯೂ ಅಷ್ಟೇ ಕಿರಿದಾಗುತ್ತದೆ.

ಒಂದು ಊರಿಗೆ ಊರೇ ಮೈನರ್ ಸ್ಥಾನದಲ್ಲಿ ನಿಂತದ್ದು ನಮ್ಮ ದೇಶದಲ್ಲಿ. 1984ರ ಡಿಸೆಂಬರ್ 2ರ ನಡುರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಸೋರಿತು. ಮರುವರ್ಷ ಸಂಸತ್ತು ಕಾಯ್ದೆಯೊಂದನ್ನು ಮಾಡಿ ಎಲ್ಲ ಸಂತ್ರಸ್ತರ ಪರವಾಗಿ ದಾವೆ ಹೂಡುವ, ರಾಜಿ ಮಾಡಿಕೊಳ್ಳುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿತು. ತಮ್ಮನ್ನು ತಾವು ನೋಡಿಕೊಳ್ಳಲಾಗದ ಪ್ರಜೆಗಳಿಗೆ ರಾಜ್ಯವೇ ತಂದೆ-ತಾಯಿ ಎಂಬುದು ಇದರ ಹಿಂದಿನ ತತ್ವ. ಇಂಗ್ಲೆಂಡಿನ ದೊರೆಯ ಕಾಲದಿಂದ ಬಂದದ್ದು. ಸರ್ಕಾರ ಕೇಳಿದ್ದು 300 ಕೋಟಿ ಡಾಲರಿಗೂ ಹೆಚ್ಚು. ಭೋಪಾಲದ ಜಿಲ್ಲಾ ನ್ಯಾಯಾಲಯ 350 ಕೋಟಿ ರೂಪಾಯಿ ಮಧ್ಯಂತರ ಪರಿಹಾರ ಕೊಡಿ ಎಂದಿತು, ಹೈಕೋರ್ಟು ಅದನ್ನು 250 ಕೋಟಿಗೆ ಇಳಿಸಿತು. ಆ ಮಧ್ಯಂತರ ಹಣದ ಮೇಲ್ಮನವಿ ಸುಪ್ರೀಂ ಕೋರ್ಟಿನಲ್ಲಿ ನಡೆಯುತ್ತಿದ್ದಾಗಲೇ, 1989ರ ಫೆಬ್ರುವರಿ 14ರಂದು, ಇಡೀ ವ್ಯಾಜ್ಯ 47 ಕೋಟಿ ಡಾಲರಿಗೆ ರಾಜಿಯಾಯಿತು. ಸಂತ್ರಸ್ತರನ್ನು ಯಾರೂ ಕೇಳಿರಲಿಲ್ಲ.

ಆ ರಾಜಿಗೆ ಆದೇಶ ನೀಡಿದ ಐವರು ನ್ಯಾಯಮೂರ್ತಿಗಳ ಪೀಠದಲ್ಲಿ ಇಬ್ಬರು ಕನ್ನಡಿಗರಿದ್ದರು, ಇ.ಎಸ್. ವೆಂಕಟರಾಮಯ್ಯ ಮತ್ತು ಎಂ.ಎನ್. ವೆಂಕಟಾಚಲಯ್ಯ. ಆ ಕಾಯ್ದೆಯನ್ನು ಪ್ರಶ್ನಿಸಿದ ಚರಣ್‌ಲಾಲ್ ಸಾಹು ಪ್ರಕರಣದಲ್ಲಿ ಎದ್ದ ತಕರಾರು 32ನೇ ಆದೇಶವನ್ನು ಬಲ್ಲ ಯಾರಿಗೂ ಪರಿಚಿತವೇ. ಯೂನಿಯನ್ ಕಾರ್ಬೈಡ್ ಇಂಡಿಯಾದಲ್ಲಿ ಸರ್ಕಾರಿ ಹಣಕಾಸು ಸಂಸ್ಥೆಗಳಿಗೆ ಸುಮಾರು ಶೇಕಡಾ 22 ಪಾಲಿತ್ತು. ಹಾಗಿದ್ದ ಮೇಲೆ ಸರ್ಕಾರ ಸಂತ್ರಸ್ತರ ಗಾರ್ಡಿಯನ್ ಆಗುವುದು ಹೇಗೆ? 1989ರ ಡಿಸೆಂಬರ್ 22ರಂದು ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ರಾಜಿಗೆ ಮುನ್ನ ಸಂತ್ರಸ್ತರ ಮಾತು ಕೇಳಬೇಕಿತ್ತು ಎಂದು ಒಪ್ಪಿಕೊಂಡರೂ ರಾಜಿಯನ್ನು ಆ ಕಾರಣಕ್ಕೆ ಕದಲಿಸಲಿಲ್ಲ. 1991ರ ಅಕ್ಟೋಬರ್ 3ರ ಪುನರ್‌ಪರಿಶೀಲನಾ ತೀರ್ಪಿನ ಬಹುಮತದ ಬರಹ ವೆಂಕಟಾಚಲಯ್ಯ ಅವರದು. ಮೊತ್ತ ಹಾಗೇ ಉಳಿಯಿತು. ಆದರೆ ಅದರಲ್ಲಿ ಗಮನಿಸಬೇಕಾದ ಒಂದು ಭಾಗವಿದೆ: ಆಗಿನ್ನೂ ರೋಗಲಕ್ಷಣ ಕಾಣದವರಿಗಾಗಿ, ಅನಿಲ ತಾಕಿದ ತಾಯಂದಿರಿಗೆ ಮುಂದೆ ಹುಟ್ಟಬಹುದಾದ ಮಕ್ಕಳಿಗಾಗಿ ಸುಮಾರು 1 ಲಕ್ಷ ಜನರಿಗೆ ಗುಂಪು ವೈದ್ಯಕೀಯ ವಿಮೆ ಮಾಡಿಸಬೇಕೆಂಬ ನಿರ್ದೇಶನ. ಪರಿಹಾರದ ಹಣ ಸಾಲದಿದ್ದರೆ ಕೊರತೆಯನ್ನು ಕೇಂದ್ರ ಸರ್ಕಾರ ತುಂಬಬೇಕೆಂದೂ ಹೇಳಿತು. ಹೆಚ್ಚಿನ ಹಣ ಕೇಳಿದ ಸರ್ಕಾರದ ಕ್ಯೂರೇಟಿವ್ ಅರ್ಜಿ 2023ರ ಮಾರ್ಚ್‌ 14ರಂದು ವಜಾ ಆಯಿತು. ಹುಟ್ಟಿರದ ಮಕ್ಕಳನ್ನು ನೆನೆದ ಅದೇ ನ್ಯಾಯಾಲಯ ಬದುಕಿದ್ದವರನ್ನು ಮೊದಲು ಕೇಳಲಿಲ್ಲವಲ್ಲ ಎಂಬ ಕೊರಗು ಮಾತ್ರ ಆ ಊರಲ್ಲಿ ಇಂದಿಗೂ ಹೋಗಿಲ್ಲ.

ರಾಜಿಯ ಮೊತ್ತ ನ್ಯಾಯವೇ ಎಂದು ತೂಗುವುದು ಎಷ್ಟು ಕಷ್ಟ ಎನ್ನುವುದಕ್ಕೆ ಹರಿಯಾಣದ ಒಂದು ಪ್ರಕರಣ ಸಾಕು. 2007ರ ಅಕ್ಟೋಬರಿನಲ್ಲಿ ತಂದೆ-ತಾಯಿಯ ಜತೆ ಟ್ರ್ಯಾಕ್ಟರಿನಲ್ಲಿ ಹೋಗುತ್ತಿದ್ದ 12 ವರ್ಷದ ಹುಡುಗಿ ಟ್ರಕ್ ಡಿಕ್ಕಿಯಲ್ಲಿ ತಲೆಗೆ ಪೆಟ್ಟು ತಿಂದು, ಬುದ್ಧಿಯಲ್ಲಿ ಒಂಬತ್ತು ತಿಂಗಳ ಕೂಸಿನ ಮಟ್ಟಕ್ಕೆ ಬಂದಳು. ಮಲಮೂತ್ರದ ಹಿಡಿತವೂ ಉಳಿಯಲಿಲ್ಲ. ನ್ಯಾಯಮಂಡಳಿ ಕೊಟ್ಟದ್ದು ಸುಮಾರು 11 ಲಕ್ಷ, ಹೈಕೋರ್ಟು 25.78 ಲಕ್ಷ. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟದ್ದು 62.27 ಲಕ್ಷ. ವ್ಯತ್ಯಾಸ ಬಂದದ್ದು ಎಲ್ಲಿಂದ? ಅದರಲ್ಲಿ ಒಂದು ಭಾಗ ಒಂದು ಸರಳ ಲೆಕ್ಕದಿಂದ. ಹಗಲು-ರಾತ್ರಿ ನೋಡಿಕೊಳ್ಳಲು ಇಬ್ಬರು ಬೇಕು, ತಲಾ ತಿಂಗಳಿಗೆ 5,000; ವರ್ಷಕ್ಕೆ 1.20 ಲಕ್ಷ; ಅದನ್ನು 18ರಿಂದ ಗುಣಿಸಿದರೆ 21.60 ಲಕ್ಷ. ಕೆಳಗಿನ ಕೋರ್ಟಿನಲ್ಲೇ ಆ ಮನೆಯವರು ಹನ್ನೆರಡೋ ಹದಿನೈದೋ ಲಕ್ಷಕ್ಕೆ ರಾಜಿಯಾಗಿದ್ದರೆ ಊರಿನವರೆಲ್ಲ ಒಳ್ಳೆಯ ರಾಜಿ ಎನ್ನುತ್ತಿದ್ದರು. ಆಕೆಯನ್ನು ರಾತ್ರಿ ಮಗ್ಗುಲು ಬದಲಿಸಿ ಮಲಗಿಸುವವರ ಸಂಬಳದ ಲೆಕ್ಕ ಯಾರೂ ಕೇಳುತ್ತಿರಲಿಲ್ಲ. ಅನುಮತಿ ಕೊಡುವ ನ್ಯಾಯಾಧೀಶರು ಕೇಳಬೇಕಾದ್ದು ಇಂಥ ಪ್ರಶ್ನೆ: ಈ ಮಗುವನ್ನು ದಿನವೂ ಎತ್ತುವವರು ಯಾರು, ಅವರಿಗೆ ವಯಸ್ಸಾದ ಮೇಲೆ ಯಾರು?

ಹಣ ಬಂದ ಮೇಲಿನದು ಇನ್ನೊಂದು ಅಧ್ಯಾಯ. 32ನೇ ಆದೇಶದ 6ನೇ ನಿಯಮದಂತೆ ರಾಜಿಯ ಹಣವನ್ನಾಗಲಿ ಡಿಕ್ರಿಯ ಹಣವನ್ನಾಗಲಿ ಗಾರ್ಡಿಯನ್ ಕೋರ್ಟಿನ ಅನುಮತಿಯಿಲ್ಲದೆ ಮುಟ್ಟುವಂತಿಲ್ಲ. ಅಪಘಾತ ಪ್ರಕರಣಗಳಿಗೆ 1990ರ ದಶಕದ ಆರಂಭದಲ್ಲಿ ಸುಸಮ್ಮ ಥಾಮಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸೂತ್ರಗಳನ್ನು ಹಾಕಿಕೊಟ್ಟಿತು: ಮೈನರ್ ಪಾಲನ್ನು ವಯಸ್ಸಿಗೆ ಬರುವವರೆಗೂ ಠೇವಣಿ ಇಡಿ, ಅಗತ್ಯದ ಖರ್ಚಿಗೆ ಮಾತ್ರ ಗಾರ್ಡಿಯನ್‌ಗೆ ತೆಗೆಯಲು ಬಿಡಿ. ದಲ್ಲಾಳಿಗಳ ಕೈಯಿಂದ, ಹೆಗಲ ಮೇಲೆ ಕೈ ಹಾಕಿ ಸಾಲ ಕೇಳುವ ನೆಂಟರ ಕೈಯಿಂದ ಎಷ್ಟೋ ಮಕ್ಕಳ ದುಡ್ಡನ್ನು ಇದು ಉಳಿಸಿದೆ.

ಕಾವಲು ಬಿಗಿಯಾದರೆ ಉಸಿರೂ ಕಟ್ಟುತ್ತದೆ. ಓದಿ ಬರೆದ ವಯಸ್ಕರ ಹಣವನ್ನೂ ನ್ಯಾಯಮಂಡಳಿಗಳು ಕಣ್ಣುಮುಚ್ಚಿ ವರ್ಷಗಟ್ಟಲೆ ಠೇವಣಿಗೆ ತಳ್ಳತೊಡಗಿದವು. 2012ರಲ್ಲಿ ಎ.ವಿ. ಪದ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಛೀಮಾರಿ ಹಾಕಿತು: ಸೂತ್ರಗಳು ಯಾಂತ್ರಿಕವಾಗಿ ಒತ್ತುವ ಮೊಹರಲ್ಲ, ಪ್ರತಿಯೊಬ್ಬರ ಅಗತ್ಯ ನೋಡಿ. ಮಗುವಿನ ಶಸ್ತ್ರಚಿಕಿತ್ಸೆಗೋ ಕಾಲೇಜು ಫೀಸಿಗೋ ತಾಯಿಯೊಬ್ಬಳು ಅರ್ಜಿ ಹಾಕಿ, ವಕೀಲರ ಫೀಸು ಕೊಟ್ಟು, ಮೂರು ವಾಯಿದೆ ತಿರುಗಿ, ಚೆಕ್ ಅರ್ಜಿ ಬರೆದು, ಶಿರಸ್ತೇದಾರರ ಟಿಪ್ಪಣಿಗೆ ಕಾದು ಹಣ ಪಡೆಯುವಷ್ಟರಲ್ಲಿ ಅಗತ್ಯವೇ ದಾಟಿಹೋಗಿರುತ್ತದೆ. ತಿಂಗಳು ತಿಂಗಳೂ ಸಂಬಳದಂತೆ ಖಾತೆಗೆ ಬೀಳುವ ಆನ್ಯುಯಿಟಿ ಠೇವಣಿಯ ಯೋಜನೆ ದಿಲ್ಲಿ ಹೈಕೋರ್ಟಿನಲ್ಲಿ ರೂಪುಗೊಂಡು, 2019ರಲ್ಲಿ ಸುಪ್ರೀಂ ಕೋರ್ಟಿನ ಬೆಂಬಲವನ್ನೂ ಪಡೆದಿದೆ. ಬ್ಯಾಂಕಿನ ಕೌಂಟರಿನಲ್ಲಿ ಕೇಳಿದರೆ ‘ಅದೇನ್ರೀ?’ ಎನ್ನುವವರೇ ಹೆಚ್ಚು.

ಇನ್ನು ಯಾರೂ ಕೇಳದೆ ಉಳಿದ ಹಣ. ಗುಜರಾತಿನ ನಿವೃತ್ತ ಜಿಲ್ಲಾ ನ್ಯಾಯಾಧೀಶರೊಬ್ಬರು ಕಳಿಸಿದ ಇಮೇಲ್ ಆಧರಿಸಿ ಸುಪ್ರೀಂ ಕೋರ್ಟ್ ತಾನೇ ಕೈಗೆತ್ತಿಕೊಂಡ ಪ್ರಕರಣವೊಂದರಲ್ಲಿ ಅಪಘಾತ ನ್ಯಾಯಮಂಡಳಿಗಳಲ್ಲಿ, ಕಾರ್ಮಿಕ ನ್ಯಾಯಾಲಯಗಳಲ್ಲಿ ನೂರಾರು ಕೋಟಿ ರೂಪಾಯಿ ವಾರಸುದಾರರಿಲ್ಲದೆ ಬಿದ್ದಿರುವುದು ಹೊರಬಂತು. 2025ರ ಏಪ್ರಿಲ್‌ನಲ್ಲಿ ಪೀಠವು ಅರ್ಜಿ ಹಾಕುವಾಗಲೇ ಬ್ಯಾಂಕ್ ಖಾತೆ, ಆಧಾರ್, ವಿಳಾಸದ ವಿವರ ಪಡೆಯುವಂತೆ, ಹಣವನ್ನು ನೇರ ಖಾತೆಗೆ ಹಾಕುವಂತೆ ನಿರ್ದೇಶನ ಕೊಟ್ಟಿತು. ಊರು ಬಿಟ್ಟ ತಾಯಿ, ತೀರಿಕೊಂಡ ಅಜ್ಜ, ವಿಲೀನಗೊಂಡು ಹೆಸರೇ ಬದಲಾದ ಬ್ಯಾಂಕು, ಕಳೆದುಹೋದ ಎಫ್‌ಡಿ ರಸೀದಿ. ಇಂಥ ಕಾರಣಗಳಿಂದ ತನ್ನ ದುಡ್ಡಿನ ವಿಷಯವೇ ತಿಳಿಯದೆ ಬೆಳೆಯುವ ಮಕ್ಕಳಿದ್ದಾರೆ. ಹದಿನೆಂಟು ತುಂಬಿದ ದಿನ ಅವರಿಗೊಂದು ನೋಟಿಸು ಕಳಿಸುವ ವ್ಯವಸ್ಥೆ ಮಾಡಲು ಯಾವ ತಂತ್ರಜ್ಞಾನದ ಕೊರತೆಯೂ ಇಲ್ಲ.

ಬುದ್ಧಿಮಾಂದ್ಯತೆ, ಡಿಮೆನ್ಷಿಯಾ, ಕೋಮಾ ಇರುವ ವಯಸ್ಕರ ವಿಷಯದಲ್ಲಿ ಕಾನೂನು ಹಲವು ತುಂಡುಗಳಲ್ಲಿ ಹರಡಿಕೊಂಡಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ ಮತ್ತು ಬಹು ಅಂಗವೈಕಲ್ಯ ಇರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಂತೆ ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿ ಗಾರ್ಡಿಯನ್ ನೇಮಿಸುತ್ತದೆ. ಹಾಗೆ ನೇಮಕವಾದವರು ಆರು ತಿಂಗಳೊಳಗೆ ಆಸ್ತಿಪಟ್ಟಿ ಕೊಡಬೇಕು, ವರ್ಷವರ್ಷವೂ ಲೆಕ್ಕ ಒಪ್ಪಿಸಬೇಕು. ಮಾನಸಿಕ ಕಾಯಿಲೆ ಇದ್ದವರ ಆಸ್ತಿಗೆ ವ್ಯವಸ್ಥಾಪಕರನ್ನು ನೇಮಿಸುವ ಅವಕಾಶ 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿತ್ತು; 2017ರ ಕಾಯ್ದೆ ಬಂದಾಗ ಆ ಅಧ್ಯಾಯ ಹೋಯಿತು. ಕೋಮಾದಲ್ಲಿರುವ ಗಂಡನ ಖಾತೆಯಿಂದ ಆಸ್ಪತ್ರೆಯ ಬಿಲ್ಲು ಕಟ್ಟಲು ಹೆಂಡತಿ ಹೈಕೋರ್ಟಿಗೆ ರಿಟ್ ಹಾಕಬೇಕಾದ ಸ್ಥಿತಿ ಬಂದದ್ದು ಹೀಗೆ. 2019ರಲ್ಲಿ ಕೇರಳ ಹೈಕೋರ್ಟ್ ಶೋಭಾ ಗೋಪಾಲಕೃಷ್ಣನ್ ಪ್ರಕರಣದಲ್ಲಿ ಇಂಥವರಿಗಾಗಿ ಮಾರ್ಗಸೂಚಿ ಮಾಡಿತು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾತ್ರ ಬೇರೆ ದಿಕ್ಕಿನಿಂದ ನೋಡುತ್ತದೆ. ಅದರ 14ನೇ ಕಲಮಿನ ‘ಸೀಮಿತ ಪಾಲಕತ್ವ’ದಲ್ಲಿ ಗಾರ್ಡಿಯನ್ ಒಬ್ಬನೇ ತೀರ್ಮಾನಿಸುವುದಿಲ್ಲ, ಅಂಗವಿಕಲ ವ್ಯಕ್ತಿಯೂ ಅವನೂ ಕೂತು ಒಟ್ಟಿಗೆ ತೀರ್ಮಾನಿಸಬೇಕು. ಅಂದ ಮೇಲೆ ಡಿಮೆನ್ಷಿಯಾ ಶುರುವಾದ ಹಿರಿಯರ ಪರವಾಗಿ ಮಕ್ಕಳು ರಾಜಿ ತಂದಾಗ ನಿಮ್ಹಾನ್ಸ್‌ನಂಥ ಸಂಸ್ಥೆಯ ವೈದ್ಯಕೀಯ ವರದಿಯ ಮೇಲೊಂದು ಕಣ್ಣು ಹಾಯಿಸಿ ಮುಂದೆ ಹೋಗುವುದು ಸಾಲದು. ಆ ಹಿರಿಯರನ್ನು ಚೇಂಬರಿಗೆ ಕರೆಸಿ, ‘ಅಜ್ಜಾ, ತೋಟ ಯಾರಿಗೆ ಕೊಡಬೇಕೂಂತ ಇದೆ?’ ಎಂದು ಅವರ ಮಾತಿನಲ್ಲೇ ಕೇಳಬೇಕು. ಹೆಸರು ಮರೆತವರೂ ಕೆಲವೊಮ್ಮೆ ಮನಸ್ಸಿನಲ್ಲಿ ಇರುವುದನ್ನು ಖಚಿತವಾಗಿ ಹೇಳುತ್ತಾರೆ.

ಲೋಕ ಅದಾಲತ್‌ನ ಮಾತಿಗೆ ಬಂದರೆ, ಅಲ್ಲಿ ಕೂರುವವರಿಗೆ ತೀರ್ಪು ಕೊಡುವ ಅಧಿಕಾರವೇ ಇಲ್ಲ, ಕಕ್ಷಿದಾರರ ಒಪ್ಪಿಗೆಯನ್ನು ದಾಖಲಿಸುವುದಷ್ಟೇ ಅವರ ಕೆಲಸ ಎಂದು 2008ರಲ್ಲಿ ಜಾಲೂರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಲ್ಲಿನ ಐತೀರ್ಪಿನ ಮೇಲೆ ಅಪೀಲೂ ಇಲ್ಲ. ಒಪ್ಪಿಗೆಯೇ ಬುನಾದಿಯಾದ ಕಡೆ, ಒಪ್ಪಲಾಗದ ವಯಸ್ಸಿನವರ ಪ್ರಕರಣವನ್ನು ಸಾಲಿನಲ್ಲಿ ನಿಲ್ಲಿಸಿ ಮುಗಿಸುವುದು ಸರಿಯಲ್ಲ. ಇತ್ಯರ್ಥವಾದ ಕೇಸುಗಳ ಸಂಖ್ಯೆ ಸಂಜೆ ಪತ್ರಿಕಾ ಪ್ರಕಟಣೆಯಾಗಿ ಹೊರಡುವ ದಿನ ಮೈನರ್‌ನ ಐ.ಎ. ಮೇಲೆ ಯೋಚಿಸಲು ಪುರುಸೊತ್ತು ಎಲ್ಲಿಂದ ಬರಬೇಕು? ಇಂಥ ಕಡತಗಳನ್ನು ಹಿಂದಿನ ವಾರವೇ ಬೇರೆ ತೆಗೆದು, ಗಾರ್ಡಿಯನ್ನನ್ನು ವಿಚಾರಿಸಿ, ಮೊತ್ತ ಏಕೆ ಸರಿ ಎಂಬುದಕ್ಕೆ ನಾಲ್ಕು ಸಾಲಿನ ಕಾರಣ ಬರೆದು ಅನುಮತಿ ಕೊಡುವ ನ್ಯಾಯಾಧೀಶರೂ ನಮ್ಮಲ್ಲಿದ್ದಾರೆ. ಅದು ಅವರವರ ಆತ್ಮಸಾಕ್ಷಿಗೆ ಬಿಟ್ಟ ವಿಷಯವಾಗಿ ಉಳಿಯಬಾರದು. ಕಾರಣವಿಲ್ಲದ ಅನುಮತಿ ಅನುಮತಿಯೇ ಅಲ್ಲ ಎಂದು ಹೈಕೋರ್ಟು ಸುತ್ತೋಲೆಯೊಂದರಲ್ಲಿ ಹೇಳಿದರೆ ಅರ್ಧ ಕೆಲಸ ಮುಗಿಯುತ್ತದೆ.

ಅಲ್ಲಿಯವರೆಗೆ, ಮನೆಯಲ್ಲಿ ಮೈನರ್ ಹೆಸರಿನ ಕೇಸು ಇರುವವರು ಮಾಡಬಹುದಾದ ಕೆಲವು ಕೆಲಸಗಳಿವೆ. ರಾಜಿ ಪತ್ರದ ಜತೆ 7ನೇ ನಿಯಮದ ಐ.ಎ. ಹಾಕಿದ್ದಾರೆಯೇ ಎಂದು ವಕೀಲರನ್ನು ಕೇಳಿ, ಅದರ ಮೇಲಿನ ಆದೇಶದ ದೃಢೀಕೃತ ನಕಲು ಪಡೆಯಿರಿ. ಎಫ್‌ಡಿ ರಸೀದಿಯ ನಕಲನ್ನೂ ಅಕ್ಷರ-ಅಂಕಿ ಸೇರಿ 16 ಸ್ಥಾನಗಳಿರುವ ಕೇಸಿನ ಸಿಎನ್‌ಆರ್ ಸಂಖ್ಯೆಯನ್ನೂ ಮಗುವಿನ ಜನನ ಪ್ರಮಾಣಪತ್ರದ ಜತೆಗೇ ಇಡಿ. ಮಗುವಿಗೆ ತಿಳಿವಳಿಕೆ ಬಂದಾಗ ಹೇಳಿ. ಹದಿನೆಂಟು ತುಂಬಿದ ಮೇಲೆ ಗಾರ್ಡಿಯನ್ ಮಾಡಿದ ಮಾರಾಟವನ್ನು ಪ್ರಶ್ನಿಸಲು ಇರುವುದು ಮೂರೇ ವರ್ಷ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ, 15100 ಸಹಾಯವಾಣಿ ಇದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರಿಗೆ, ಮಕ್ಕಳಿಗೆ, ಅಂಗವಿಕಲರಿಗೆ ಅಲ್ಲಿ ವಕೀಲರು ಉಚಿತ. ಅದಕ್ಕೆ ಆದಾಯದ ಮಿತಿ ಇಲ್ಲ.